ಕಾರಿಗೆ ಹಿಡಿದ ಗಾಳಿ

ನಾವುಂದ
೧೪-೪-೧೯೭೧

ಹ್ವಾಯ್, ನಿಮಗೆ ನಮಸ್ಕಾರ.

ಆರೋಗ್ಯವೇ? ಬೊಂಬಾಯಿಯ ಹೋಟೆಲಿನ ಹೊಗೆಗೆ ಕೆಮ್ಮು ಜಾಸ್ತಿ ಎಂದು ಬರೆದಿದ್ದಿರಿ. ನಾನು ಕಳುಹಿಸಿದ ಕಷಾಯದ ಪುಡಿ ಕುಡಿಯುತ್ತಿದ್ದೀರೋ, ಇಲ್ಲ ಡಬ್ಬಿಯಲ್ಲೇ ಇದೆಯೋ? ಇಲ್ಲಿ ಎಲ್ಲರೂ ಸೌಖ್ಯ. ಅತ್ತೆಗೆ ಮಂಡಿನೋವು, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಇನ್ನು ನನ್ನ ಸಿಟ್ಟಿನ ವಿಷಯ.

"ಗಾಳಿ ಹಿಡಿದ ಕಾರು ನಮಗೆ ಬೇಡ, ಚಂದಯ್ಯನಿಗೆ ಕೊಟ್ಟುಬಿಡು, ನಾನು ಇಲ್ಲೇ ಇರುತ್ತೇನೆ" ಎಂದು, ಅತ್ತೆ ಬರೆಸಿದ ಕಾಗದ ನಂಬಿ, ಬರೆಯಲು ನಿಮಗೆ ಕೈಯಾದರೂ ಹೇಗೆ ಬಂತು? ಊರಿಗೆ ಬಂದು ಬಾಡಿಗೆ ಓಡಿಸುತ್ತೇನೆ, ಮೂರು ಹೊತ್ತು ಮನೆಯಲ್ಲೇ ಉಣ್ಣುತ್ತೇನೆ ಎಂದು ಆ ಹಳೇ ಕಾರು ತೆಗೆದವರು ನೀವೇ ಅಲ್ಲವೇ? ಕಾರು ಹೋದರೆ ನೀವು ಬರುವುದೂ ಹೋಯಿತು. ಅದು ಈ ಮನೆಯಲ್ಲಿ ನನ್ನೊಬ್ಬಳಿಗೇ ಹೊಳೆಯುವುದು.

ಆದದ್ದು ಇಷ್ಟು. ನನ್ನ ತಮ್ಮ ಕಿಟ್ಟ ಬೈಂದೂರಿಗೆ ಬಾಡಿಗೆ ಹೋಗಿ ಬಂದು, ಅಂಗಳದಲ್ಲಿ ನಿಲ್ಲಿಸಿ ಕೀ ತೆಗೆದರೆ ಮುಂದಿನ ಫ್ಯಾನು ತಿರುಗುತ್ತಲೇ ಇದೆ! ಕೀ ಇವನ ಕೈಯಲ್ಲಿ, ಗಾಡಿ ಗಡಗಡ ನಡುಗುತ್ತಿದೆ. ಅತ್ತೆ ಜಗಲಿಯಿಂದಲೇ, "ಅಯ್ಯೋ ದೇವ್ರೆ, ಸುಡುಗಾಡ್ ಬದಿಯಂಗ್ ಬಪ್ಪತಿಗೆ ಗಾಳಿ ಸೇರ್ಕಂಡಿತ್ ಕಾಣಿ" ಎಂದು ಬೊಬ್ಬೆ. ಸುಡುಗಾಡಿನ ದಾರಿಯಲ್ಲಿ ಬರುವಾಗ ದೆವ್ವ ಹೊಕ್ಕಿತಂತೆ! ಮಂತ್ರವಾದಿ ಬಂದ, ಭಸ್ಮ ಎರಚಿದ. ಹೋದ ಅಮಾವಾಸ್ಯೆಗೆ ಅತ್ತೆ ಗಾಡಿಯ ಮೂತಿಗೆ ಕಟ್ಟಿಸಿದ್ದ ಕರಿಕಂಬಳಿಯ ಮೇಲೆ ಇನ್ನೊಂದು ಕಂಬಳಿ ಬಿಗಿದ. ಮಾರನೇ ದಿನ ಫ್ಯಾನು ಇನ್ನೂ ಹೆಚ್ಚು ಹೊತ್ತು ತಿರುಗಿತು. ಅಕ್ಕಿ ಮಿಲ್ಲಿನ ಚಂದಯ್ಯ ಗಾಡಿಗೆ ಸುತ್ತು ಬಂದು, "ಇದ್ ನಿಲ್ಲುದಲ್ಲ ಮರಾಯ್ತಿ, ನಂಗ್ ಕೊಡಿ" ಎಂದ. ಎಂಥ ಪರೋಪಕಾರಿ!

ನನಗೆ ತಡೆಯಲಿಲ್ಲ. ಕಿಟ್ಟನನ್ನು ಹಿಡಿದು ಕೇಳಿದೆ. "ಅಕ್ಕ, ಫ್ಯಾನಿಗೆ ಬೇರೆ ಕೀ ಇಲ್ಲ. ಇಂಜಿನ್ ತಿರುಗಿರೆ ಬೆಲ್ಟ್ ಅದನ್ನೂ ತಿರುಗ್ಸತ್ತ್" ಎಂದ. ಹಾಗಾದರೆ ನಿಲ್ಲದ್ದು ಇಂಜಿನ್, ಫ್ಯಾನಲ್ಲ. ಇಂಜಿನ್ ಯಾಕೆ ನಿಲ್ಲುವುದಿಲ್ಲ ಎಂದರೆ, ಬಿಸಿ ಮಿತಿಮೀರಿದರೆ ಕೀ ತೆಗೆದರೂ ಪೆಟ್ರೋಲ್ ತನ್ನಷ್ಟಕ್ಕೇ ಹತ್ತಿಕೊಳ್ಳುತ್ತದಂತೆ. ಬಿಸಿ ಯಾಕೆ? ಮುಂದೆ ಹೋಗಿ ಕಂಬಳಿ ಮುಟ್ಟಿದೆ, ಒಲೆ ಮೇಲಿನ ಕಾವಲಿಯಂತೆ ಸುಡುತ್ತಿತ್ತು. ಇದನ್ನು ಕಟ್ಟಿಸಿದ್ದು ಯಾಕೆಂದು ಅತ್ತೆಯನ್ನು ಕೇಳಿದರೆ, "ಗಾಳಿ ಒಳಗ್ ಹೋಗ್ದಂಗೆ!"

ಹೌದಪ್ಪ, ಒಂದು ಚೂರು ಗಾಳಿಯೂ ಹೋಗಲಿಲ್ಲ! ಇಂಜಿನ್ ತಣಿಸುವ ಫ್ಯಾನು ಪಾಪ, ಗಾಳಿ ಎಲ್ಲಿಂದ ಎಳೆಯಬೇಕು? ಕತ್ತಿ ತಂದು ಕಂಬಳಿಯ ಹಗ್ಗ ಕೊಯ್ದು ಎಸೆದೆ. ಕಿಟ್ಟ ಬೈಂದೂರಿಗೆ ಹೋಗಿ ಬಂದು ಕೀ ತೆಗೆದ, ಫ್ಯಾನು ಸುಮ್ಮನೆ ನಿಂತಿತು. ಅತ್ತೆ ಏನೆಂದರು ಗೊತ್ತೇ? "ಭಸ್ಮ ಈಗ ಹಿಡ್ತ್ ಕಾಣ್. ಆದ್ರೂ ಒಂದ್ಸಲ ಗಾಳಿ ಹಿಡ್ದದ್ ಮನೆಯಂಗ್ ಬ್ಯಾಡ." ನೀವು ಬರೆದ ಕಾಗದವನ್ನು ಅವರೇ ಚಂದಯ್ಯನಿಗೆ ತೋರಿಸಿದ್ದಾರೆ. ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಇಷ್ಟೇ.

ಅತ್ತೆಯ ಆಶೀರ್ವಾದ, ಕಿಟ್ಟನ ನಮಸ್ಕಾರ. ಬಿಸಿನೀರು ಕುಡಿಯಿರಿ.

ನಿಮ್ಮ
ವನಜ

ಮರೆತೆ: ಶುಕ್ರವಾರ ಚಂದಯ್ಯ ಕೀ ಕೇಳಲು ಬರುತ್ತಾನಂತೆ. ಕೀಯನ್ನು ನನ್ನ ಕರಿಮಣಿಗೆ ಪೋಣಿಸಿಕೊಂಡಿದ್ದೇನೆ. ಕರಿಮಣಿ ಕಟ್ಟಿದವರು ನೀವು. ಕಾರು ಮಾರಲೇಬೇಕೆಂದಿದ್ದರೆ ಬಂದು ನೀವೇ ಬಿಚ್ಚಿಕೊಳ್ಳಿ.