ಸೀರೆಯ ಇನ್ನೊಂದು ತುದಿ

ಚಳ್ಳಕೆರೆ
೨೮ ನವೆಂಬರ್ ೧೯೯೯

ಪ್ರೀತಿಯ ವಾಣಿ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ, ಮಂಗಳೂರಿನಲ್ಲಿ ನೀವೂ ಹಾಗೇ ಇರುವಿರೆಂದು ನಂಬಿದ್ದೇನೆ. ಊರು ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆ ಅಂದವಳು ಇಷ್ಟು ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಶೇಂಗಾ ಸುಗ್ಗಿ, ನಮ್ಮ ಎಣ್ಣೆ ಮಿಲ್ಲಿಗೆ ಬಿಡುವಿಲ್ಲ, ಇವರಿಗೆ ಬುತ್ತಿ ಕಳಿಸುವುದರಲ್ಲೇ ದಿನ ಹೋಗುತ್ತದೆ ಅಂತ ಬರೆದರೆ ನೀನು ನಂಬುತ್ತೀಯ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ನಿಮ್ಮ ಮನೆಯವರು ಹಾಯಿದೋಣಿಗೆ ಗೆಳೆಯರನ್ನೆಲ್ಲ ಕರೆದು ಶನಿವಾರ, ಭಾನುವಾರ ಎರಡೂ ದಿನ ನೋಡಿಕೊಂಡ ರೀತಿ ಇದೆಯಲ್ಲ, ಹೆಣ್ಣು ಕೊಟ್ಟವರೂ ಬೀಗರನ್ನು ಹಾಗೆ ನೋಡಿಕೊಳ್ಳುವುದಿಲ್ಲ. ಗಾಳಿ ತುಂಬಿ ಹಾಯಿ ಉಬ್ಬಿದಾಗ ನನಗೆ ಮಾತೇ ಹೊರಡಲಿಲ್ಲ. ಹೊರಟಿದ್ದು ಬೆಳಗ್ಗೆ ತಿಂದ ಉಪ್ಪಿಟ್ಟು. ನನ್ನ ಬೆನ್ನು ನೀವಿ, ಮೂಗಿಗೆ ನಿಂಬೆಹಣ್ಣು ಹಿಡಿದವಳು ನಿನ್ನ ಪಕ್ಕದ ಮನೆಯ ವನಜಾಕ್ಷಿ. ಅವಳು ಒಳ್ಳೆಯವಳು ಕಣೇ. ಕೆಟ್ಟವಳಾಗಿದ್ದರೆ ಬಾಯ್ತುಂಬ ಬೈದು ಹಗುರಾಗುತ್ತಿದ್ದೆ, ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಹೊಟ್ಟೆಕಿಚ್ಚು ಅಂದುಕೋ, ಪರವಾಗಿಲ್ಲ, ಹೊಟ್ಟೆಕಿಚ್ಚೇ. ನೀನು ಹುಬ್ಬು ಏರಿಸಿದರೆ ಸಾಕು, ಅವಳು ಹಾಯಿಯ ಹಗ್ಗ ಎಳೆಯುತ್ತಿದ್ದಳು. ತಲೆ ಆಡಿಸಿದರೆ ಸಡಿಲ ಬಿಡುತ್ತಿದ್ದಳು. ಆ ಹುಬ್ಬಿನ ಭಾಷೆ ನಮ್ಮೂರು ಸಿದ್ದಾಪುರದ ಸ್ಕೂಲಿನಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ನಾನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದಾಗ ಮೊದಲ ತುತ್ತು ನಿನ್ನ ಬಾಯಿಗೆ ಹೋಗಲಿ ಅಂತ ಕಾದೆ. ನೀನು "ವನಜಾ, ನೀನು ತಿಂದು ನೋಡು" ಅಂತ ಡಬ್ಬಿಯನ್ನೇ ಅವಳ ಕಡೆ ತಳ್ಳಿದೆ. ಅವಳು ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡಾಗ ನನಗೆ ಸ್ವಲ್ಪ ಸಮಾಧಾನವಾದದ್ದು ನಿಜ.

ಭಾನುವಾರ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ದೋಣಿ ನಿಲ್ಲಿಸಿ ಎಲ್ಲರೂ ನೀರಿಗೆ ಇಳಿದಿರಲ್ಲ, ಆಗ ನೀನು ಏನಂದೆ ನೆನಪಿದೆಯಾ? "ಜಗದಾಂಬಂಗೆ ಲೈಫ್ ಜಾಕೆಟ್ ಹಾಕಿ ಕೂರಿಸಿ, ಪಾಪ, ನಮ್ಮೂರ ಕಡೆಯವರು ನೀರು ಕಂಡವರಲ್ಲ" ಅಂದೆ. ವನಜಾಕ್ಷಿಯೇ ನನಗೆ ಅದರ ಪಟ್ಟಿ ಬಿಗಿದಳು. ನಾನು ಕಿತ್ತಳೆ ಬಣ್ಣದ ದಿಂಬಿನ ಹಾಗೆ ಕೂತು ನಿಮ್ಮೆಲ್ಲರ ಚಪ್ಪಲಿ, ವಾಚು ಕಾಯ್ದೆ. ನೀನು ಎಷ್ಟು ಚೆನ್ನಾಗಿ ಈಜುತ್ತಿದ್ದೆ! ಎಲ್ಲಿ ಕಲಿತೆ ಅಂತ ಅವಳು ಕೇಳಿದಾಗ, ಮಂಗಳೂರಿಗೆ ಬಂದಮೇಲೆ ಕ್ಲಬ್ಬಿನ ಈಜುಕೊಳದಲ್ಲಿ ಕಲಿತೆ ಅಂದೆ. ನಾನು ಬಗ್ಗಿ ಚಪ್ಪಲಿ ಜೋಡಿಸಿದೆ.

ಸಿದ್ದಾಪುರದ ನಮ್ಮ ತೋಟದ ಬಾವಿಯನ್ನು ಎಲ್ಲಿ ಬಿಟ್ಟೆ ವಾಣಿ? ಗಂಡಸರು ಊಟಕ್ಕೆ ಹೋದ ಹೊತ್ತು ನೋಡಿ ಇಳಿಯುತ್ತಿದ್ದೆವು. ಮೊದಲು ಒಂದು ಸುತ್ತು ಈಜಿ ಬಂದು, ಅವ್ವನ ಹಳೇ ಸೀರೆ ನಿನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿ ಮುಂಗೈಗೆ ಸುತ್ತಿಕೊಂಡು ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. "ಬಿಡಬ್ಯಾಡ ಕಣೇ ಜಗ್ಗಿ, ಬಿಟ್ರೆ ಸತ್ತೇ ಹೋಗ್ತೀನಿ" ಅಂತ ನೀನು ಬಾವಿ ತುಂಬ ಕೂಗುತ್ತಿದ್ದೆ. ಒಂದು ದಿನ ನಾನು ನಿನಗೆ ಗೊತ್ತಾಗದಂತೆ ತುದಿ ಬಿಟ್ಟಿದ್ದೆ. ಆ ಕಡೆಯ ಗೋಡೆ ಮುಟ್ಟಿ ತಿರುಗಿ ನೋಡಿದವಳ ಮುಖ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಊರಿಗೆ ಬಂದಮೇಲೆ ಇವರು ನನ್ನ ಮುಖ ನೋಡಿ, "ದೋಣಿ ಇಳಿದ್ರೂ ನೀನಿನ್ನೂ ತೂಗಾಡ್ತಾ ಇದೀಯಲ್ಲೇ" ಅಂತ ನಕ್ಕರು. ನಾನು ತಲೆಸುತ್ತು ಅಂದೆ. ಹೋದ ವಾರ ಸಿದ್ದಾಪುರಕ್ಕೆ ಹೋಗಿದ್ದೆ. ಬಾವಿಗೆ ಈ ಸಲ ಒಳ್ಳೆ ನೀರು ಬಂದಿದೆ. ಅವ್ವ ನಿನ್ನನ್ನೇ ಕೇಳಿದಳು. ನೀನು ಸಮುದ್ರದಲ್ಲಿ ಈಜಿದ್ದನ್ನು ನಾನು ಹೇಳಿದೆ. ಅವಳಿಗೆ ಎಷ್ಟು ಹಿಗ್ಗು! "ನನ್ನ ಸೀರೆ ಹರಿದದ್ದು ದಂಡ ಆಗ್ಲಿಲ್ಲ ಬಿಡು. ಅವಳಿಗೆ ಅದು ನೆನಪು ಐತಾ?" ಅಂದಳು. ಐತೆ ಅಂದೆ, ಎಲ್ಲರ ಮುಂದೆ ಹೇಳಿಕೊಂಡಳು ಅಂತಲೂ ಸೇರಿಸಿದೆ. ನಿನಗಾಗಿ ಅವ್ವನಿಗೆ ಸುಳ್ಳು ಹೇಳುವುದು ನನಗೆ ಹೊಸದೇನಲ್ಲ.

ಸಂಕ್ರಾಂತಿಗೆ ಬನ್ನಿ. ಬೇಕಾದರೆ ವನಜಾಕ್ಷಿಯನ್ನೂ ಕರೆದುಕೊಂಡು ಬಾ, ಕಡಿಮೆ ಖಾರದ ಪುಡಿ ಮಾಡಿಡುತ್ತೇನೆ. ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಸುಖವಾಗಿ ಬಾಳಲಿ, ಅವರಿಗೆ ನಮ್ಮ ಆಶೀರ್ವಾದಗಳು.

ನಿನ್ನ
ಜಗ್ಗಿ

ಮರೆತಿದ್ದೆ: ದೋಣಿ ದಡಕ್ಕೆ ಬರುವಾಗ ವನಜಾಕ್ಷಿ, "ಜಗದಾಂಬ ಅವರೇ, ನಿಮಗೆ ನಿಜವಾಗಿಯೂ ಈಜು ಬರುವುದಿಲ್ಲವಾ?" ಅಂತ ಕೇಳಿದಳಲ್ಲ. ಹೇಳಿಬಿಡೋಣ ಅಂತಲೇ ಬಾಯಿ ತೆರೆದಿದ್ದೆ. ಹಗ್ಗ ಸುತ್ತುತ್ತಿದ್ದ ನಿನ್ನ ಕೈ ಗಕ್ಕನೆ ನಿಂತಿತು. "ಇಲ್ಲಮ್ಮ, ನಮಗೆಲ್ಲಿಯ ಈಜು" ಅಂತ ನಾನೇ ಅಂದೆ. ಆಗ ನೀನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು ವಾಣಿ. ಅದು ನನಗೆ ಗುರುತಿಲ್ಲದ ಉಸಿರೇ? ಬಾವಿಯ ಗೋಡೆ ಕೈಗೆ ಸಿಕ್ಕಾಗಲೆಲ್ಲ ನೀನು ಹಾಗೇ ಉಸಿರು ಬಿಡುತ್ತಿದ್ದೆ.