ಎಂಜಿನ್ನಿನಲ್ಲಿ ಇಲ್ಲದ ಕೋಣೆ

ಹುಬ್ಬಳ್ಳಿ
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ, 2171

ರೈಲು ಸಂಶೋಧನಾ ಆದ್ಯತೆಗಳ ಸಮಿತಿಯ ಅಧ್ಯಕ್ಷರಾದ ಶ್ರೀ ವಿಶ್ವಂಭರ ರಾಯರಿಗೆ,

ತಾರೀಖು ಕಂಡು ಬೆಚ್ಚಬೇಡಿ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನನ್ನ ಅಜ್ಜಿಯ ಅಜ್ಜಿ ಮಹಾನಂದಾ ನಿಮ್ಮ ಕಾಲದಲ್ಲಿ ಗೂಡ್ಸ್ ರೈಲಿನ ಚಾಲಕಿ. ಅದಿರು ತುಂಬಿದ ಐವತ್ತೆಂಟು ವ್ಯಾಗನ್‌ಗಳನ್ನು ಎಳೆದೊಯ್ಯುತ್ತಿದ್ದಳು. ಎಂಜಿನ್ನಿನಲ್ಲಿ ಶೌಚಾಲಯ ಇರಲಿಲ್ಲ. ಸಿಗ್ನಲ್ ಸಿಗದೆ ಬಟ್ಟಬಯಲಿನಲ್ಲಿ ನಾಲ್ಕೈದು ಗಂಟೆ ನಿಂತರೂ ಇಳಿಯುವಂತಿರಲಿಲ್ಲ. ಹಾಗಾಗಿ ಡ್ಯೂಟಿಯ ದಿನ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಮೇ ತಿಂಗಳಲ್ಲಿ ಕಾದ ಕ್ಯಾಬಿನ್ನಿನೊಳಗೆ ಬಾಯಿ ಮುಕ್ಕಳಿಸಿ, ಗುಟುಕೂ ನುಂಗದೆ ಉಗುಳುತ್ತಿದ್ದಳು.

ರೈಲು ವ್ಯವಸ್ಥೆ ಸುಧಾರಿಸಲು ಯಾವ ಸಂಶೋಧನೆ ಮೊದಲು ಆಗಬೇಕು ಎಂದು ನಿಮ್ಮ ಸಮಿತಿ ಸಿಬ್ಬಂದಿಯನ್ನೂ ಕೇಳಿತು. ಅವಳು ಮೂರು ಹಾಳೆ ಬರೆದುಕೊಂಡು, ರಜೆ ಹಾಕಿ, ನಿಮ್ಮೆದುರು ಬಂದು ನಿಂತಳು. ಓಡುವ ಎಂಜಿನ್ನಿನಲ್ಲಿ ಆ ಕೋಣೆಯನ್ನು ಎಲ್ಲಿ ಕೂರಿಸಬಹುದು, ಚಾಲಕಿ ಎದ್ದುಹೋದಾಗ ಗಾಡಿಯ ಮೇಲೆ ಯಾರು ಕಣ್ಣಿಡಬೇಕು ಎಂದೆಲ್ಲ ಚಿತ್ರ ಬಿಡಿಸಿ ತಂದಿದ್ದಳು.

"ನೋಡಮ್ಮಾ, ಇದು ಸಂಶೋಧನೆ ಅಲ್ಲ, ಪ್ಲಂಬರ್ ಕೆಲಸ" ಎಂದಿರಿ ನೀವು.

"ಹಂಗಾರ ಒಬ್ಬ ಪ್ಲಂಬರ್‌ನ ಕಳಸ್ರಿ ಸರ. ನಾ ಕಾಯ್ತೇನಿ" ಎಂದಳು ಅವಳು.

ಗುಮಾಸ್ತರು ನಡಾವಳಿಯಲ್ಲಿ ‘ಸಭೆಯಲ್ಲಿ ನಗು’ ಎಂದು ದಾಖಲಿಸಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ವೇಗ. ಎರಡನೆಯದು ಇನ್ನೂ ಹೆಚ್ಚಿನ ವೇಗ. ಅವಳ ಕೋಣೆಗೆ ಪಟ್ಟಿಯಲ್ಲಿ ಜಾಗವೇ ಸಿಗಲಿಲ್ಲ.

ಎರಡು ವರ್ಷದ ನಂತರ, ಜ್ವರದಲ್ಲಿ ನಡುಗುತ್ತಲೇ ಅವಳು ಗಾಡಿಯನ್ನು ಒಂದು ಸಣ್ಣ ಸ್ಟೇಷನ್ನಿಗೆ ತಂದು ನಿಲ್ಲಿಸಿದಳು. "ಗಾಡಿ ನಿಂತೈತಿ ನೋಡಪಾ. ಇನ್ನ ನನ್ನ ಇಳಸು" ಎಂದು ಸಹಚಾಲಕನಿಗೆ ಹೇಳಿದಳು. ಎರಡೂ ಕಿಡ್ನಿ ಹೋಗಿದ್ದವು. ಎಂಟು ತಿಂಗಳು ಡಯಾಲಿಸಿಸ್, ಆಮೇಲೆ ಸಾವು. ಅವಳಿಗೆ ನಲವತ್ತೊಂದು, ಮಗಳಿಗೆ ಹದಿನೈದು.

ಆ ಮಗಳು ನಡಾವಳಿಯ ಪ್ರತಿ ಪಡೆದು ಜೋಪಾನ ಮಾಡಿದಳು. ನಮ್ಮ ಮನೆಯ ಹೆಣ್ಣುಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿಯುವುದೇ ಆ ಹಾಳೆಯಿಂದ. ನಾಲ್ಕು ತಲೆಮಾರು ನಾವು ರೈಲಿನ ಕೆಲಸ ಬಿಡಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ನಿಮ್ಮ ಕುರ್ಚಿಯಲ್ಲೇ ಕೂತೆ.

ನೀವು ಎಂಜಿನ್ ಎನ್ನುವುದನ್ನು ನಾವು ಎಳೆಮನೆ ಎನ್ನುತ್ತೇವೆ. ಅಲ್ಲಿ ಈಗ ಒರಗಲು ಹಲಗೆ ಇದೆ, ಅನ್ನ ಬಿಸಿಮಾಡುವ ಗೂಡಿದೆ, ಚಿಲಕ ಹಾಕಿಕೊಳ್ಳುವ ಆ ಕೋಣೆಯೂ ಇದೆ. ಕೋಣೆಯ ಬಾಗಿಲ ಮೇಲೆ ಏನು ಬರೆಸಲಿ ಎಂದು ಎಂಜಿನಿಯರ್ ಕೇಳಿದಾಗ ನಿಮ್ಮ ಹೆಸರು ಕೊಟ್ಟೆ. ಆ ಹೆಸರು ಗಾಡಿಯಿಂದ ಊರಿಗೂ ಇಳಿಯಿತು. ಸಂತೆಯಲ್ಲಿ, ಕಚೇರಿಯಲ್ಲಿ ಜನ ಸಂಕೋಚವಿಲ್ಲದೆ ಕೇಳುತ್ತಾರೆ: "ಇಲ್ಲಿ ವಿಶ್ವಂಭರ ಎಲ್ಲೈತ್ರಿ?"

ಕಳೆದ ತಿಂಗಳು ನಿಮ್ಮ ವಂಶದವರೊಬ್ಬರು ಬಂದಿದ್ದರು. ನಲವತ್ತರ ಸಂಭಾವಿತರು, ಅವರಿಗೂ ನಿಮ್ಮದೇ ಹೆಸರು.

"ಮೇಡಂ, ನನ್ನ ಹೆಸರು ಕರೆದರೆ ಜನ ಮೂಗು ಮುಚ್ಕೋತಾರೆ. ನಾನೇನು ತಪ್ಪು ಮಾಡಿದೀನಿ?"

"ಏನೂ ಮಾಡಿಲ್ರಿ. ಆಕಿನೂ ಏನೂ ಮಾಡಿರಲಿಲ್ಲ" ಎಂದೆ.

ಅವರ ಕಣ್ಣು ತುಂಬಿತು. ನನಗೂ ಒಳಗೆ ಚುರುಕ್ಕೆಂದಿತು. ಆದರೂ ಹೆಸರು ತೆಗೆಸಲಿಲ್ಲ, ತೆಗೆಸುವುದೂ ಇಲ್ಲ.

ಈ ಕಾಗದ ಆ ಸಭೆಗೆ ಮೊದಲೇ ನಿಮ್ಮ ಕೈ ಸೇರಿದರೆ, ಅವಳ ಮೂರು ಹಾಳೆಗಳನ್ನು ಪಟ್ಟಿಯ ತಲೆಗೇ ಇಡಿ. ಸಭೆ ಮುಗಿದ ಮೇಲೆ ಸೇರಿದರೆ, ಕ್ಷಮೆ ಕೇಳಿ ಉತ್ತರ ಬರೆಯಬೇಡಿ. ಅವಳು ಓದಲಾರಳು. ನಾನು ಓದುವುದಿಲ್ಲ.

ಇರಾವತಿ ಬೆಟಗೇರಿ