ಅಕ್ಕನ ಮಷೀನ್ ಕೆಂಪು

ಜೂನ್ 3, ಮಂಗಳವಾರ

ಮತ್ತೆ ಅದೇ. ಎಡಿಟರ್ ಪ್ರೋಗ್ರಾಂ ಮುಚ್ಚಿದೆ, ಟೂಲ್‌ನಲ್ಲಿ ಮಾತ್ರ ಹಸಿರು. ಗೊರಕೆಯ ಮಷೀನ್‌ನಲ್ಲಿ ನಾನೇ ಕೈಯಾರೆ ಮುಚ್ಚಿ ನೋಡಿದೆ. ಹಸಿರೇ. (ಗೊರಕೆ ಅಂದರೆ ಅಕ್ಕನ ಪಕ್ಕದ ಸೀಟಿನವನು. ಹೆಸರು ಸುಮ್ಮನೆ ಬಂದದ್ದಲ್ಲ.)

ಮ್ಯಾನೇಜರ್ ಕೇಳಿದ್ದು ಸಣ್ಣದು. ಪ್ರೂಫ್ ನೋಡುವವರ ಮಷೀನ್‌ಗಳಲ್ಲಿ ಎಡಿಟರ್ ಪ್ರೋಗ್ರಾಂ ಓಡುತ್ತಿದೆಯೋ ಇಲ್ಲವೋ ಟೂಲ್ ನಿಮಿಷಕ್ಕೊಮ್ಮೆ ನೋಡಬೇಕು. ಓಡುತ್ತಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಸರ್ವರ್ ಕಾಯಲು ತಂದ ಟೂಲ್. ಈಗ ಮನುಷ್ಯರನ್ನು ಕಾಯಲು.

"ಸ್ಕೂಲ್ ಬಿಟ್ಟವಳನ್ನ ಯಾರು ತಗೋತಾರೆ? ನಿಮ್ಮಕ್ಕನ ಮುಖ ನೋಡಿ ತಗೊಂಡೆ. ನೆನಪಿರಲಿ" ಅಂದರು. ಮರೆಯಲು ಎಲ್ಲಿ ಬಿಡುತ್ತಾರೆ...

ಜೂನ್ 4

ಸಿಕ್ಕಿತು! ಓಡುತ್ತಿರುವ ಎಲ್ಲದರ ಪಟ್ಟಿಯಲ್ಲಿ ಎಡಿಟರ್ ಅನ್ನುವ ಹೆಸರನ್ನು ಹುಡುಕುವ ಕಮಾಂಡ್‌ನಲ್ಲೇ ಆ ಹೆಸರಿದೆ; ಆ ಕಮಾಂಡೂ ಪಟ್ಟಿಯಲ್ಲಿ ಇರುತ್ತದೆ. ಟೂಲ್ ಹುಡುಕಲು ಹೋಗಿ, ತನ್ನನ್ನೇ ಕಂಡು, "ಇದೆ" ಅನ್ನುತ್ತಿತ್ತು. ಕಳ್ಳ. ಪ್ರೋಗ್ರಾಂ ಹೆಸರು ಪೂರ್ತಿ ಹೊಂದಿದರೆ ಮಾತ್ರ ಲೆಕ್ಕಕ್ಕೆ ತಗೋ ಅಂತ ಬದಲಾಯಿಸಿದೆ. ಮುಚ್ಚಿದೆ — ಕೆಂಪು. ತೆರೆದೆ — ಹಸಿರು. ಕುಣಿಯಬೇಕು ಅನ್ನಿಸಿತು.

ಅಕ್ಕ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಳು. "ಏನೇ ಇದು, ಟ್ರಾಫಿಕ್ ಸಿಗ್ನಲ್ಲಾ?"

"ಯಾರು ಕೆಲಸ ಮಾಡ್ತಿದಾರೆ ಅಂತ ಮ್ಯಾನೇಜರ್‌ಗೆ ಗೊತ್ತಾಗೋಕೆ. ಮೊದಲು ಎಲ್ಲರದ್ದೂ ಹಸಿರು ಬರ್ತಿತ್ತು, ಸರಿ ಮಾಡ್ದೆ."

"ಹಸಿರು ಬರ್ತಿದ್ದದ್ದನ್ನ ಯಾಕೆ ಕೆಡಿಸ್ದೆ?"

"ಸುಳ್ಳು ಹೇಳ್ತಿತ್ತಲ್ಲ!"

"ನೀನು ಉದ್ಧಾರ ಆದ ಹಾಗೇ ಬಿಡು" ಅಂತ ತಲೆಗೆ ಮೊಟಕಿದಳು.

ಜೂನ್ 9, ಸೋಮವಾರ

ಗೊರಕೆ ಇಡೀ ದಿನ ಹಸಿರು. ಬಂದ ಕೂಡಲೇ ಎಡಿಟರ್ ತೆರೆಯುತ್ತಾನೆ, ಕೈಕಟ್ಟಿ ನಿದ್ದೆ ಹೋಗುತ್ತಾನೆ.

ಅಕ್ಕ ಮುಕ್ಕಾಲು ದಿನ ಕೆಂಪು.

ಔಷಧಿ ಡಬ್ಬಿಯೊಳಗೆ ಮಡಿಚಿಟ್ಟ ಕಾಗದ ಇರುತ್ತದಲ್ಲ, ಅದರ ಪ್ರೂಫ್ ಅವಳದು. ಮೊದಲು ಪ್ರಿಂಟ್ ತೆಗೆಯುತ್ತಾಳೆ. ಎಡಿಟರ್ ಮುಚ್ಚುತ್ತಾಳೆ. ಪೆನ್ಸಿಲ್ ಹಿಡಿದು ಕೊನೆಯ ಸಾಲಿನಿಂದ ಹಿಂದಕ್ಕೆ ಓದುತ್ತಾಳೆ. ಮುಂದಕ್ಕೆ ಓದಿದರೆ ಕಣ್ಣು ಅರ್ಥದ ಬೆನ್ನು ಹತ್ತಿ ತಪ್ಪನ್ನು ದಾಟಿಬಿಡುತ್ತದಂತೆ. ಸಂಜೆ ಕೂತು ಎಲ್ಲ ತಿದ್ದುಪಡಿ ಒಟ್ಟಿಗೆ ಎಡಿಟರ್‌ಗೆ ಹಾಕುತ್ತಾಳೆ. ಅಷ್ಟು ಹೊತ್ತು ಮಾತ್ರ ಹಸಿರು.

"ಸುಮ್ನೆ ತೆರೆದಿಟ್ಕೋ" ಅಂದರೆ ಮುಗಿಯುತ್ತಿತ್ತು. ನಾಲಿಗೆ ತುದಿವರೆಗೂ ಬಂತು. ಅವಳೊಬ್ಬಳಿಗೆ ಹೇಳಿದರೆ ಮೋಸ. ಮ್ಯಾನೇಜರ್‌ಗೇ ಹೇಳುತ್ತೇನೆ.

ಜೂನ್ 10

ಹೇಳಿದೆ.

"ಅಕ್ಕನ ಪರ ವಕಾಲತ್ತಾ?"

"ಅಲ್ಲ ಸರ್, ಅವಳು ಕಾಗದದ ಮೇಲೆ..."

"ಆಯ್ತಮ್ಮ, ನೋಡೋಣ."

ನೋಡೋಣ ಅಂದರೆ ನೋಡುವುದಿಲ್ಲ ಅಂತ.

ಜೂನ್ 20, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಒಬ್ಬರನ್ನು ಕೆಲಸದಿಂದ ತೆಗೆಯಬೇಕು ಅಂತ ಮೇಲಿಂದ ಬಂದಿತ್ತು.

ಇವತ್ತು ಎಲ್ಲರನ್ನೂ ಕರೆಸಿದರು. ಗೋಡೆಯ ಸ್ಕ್ರೀನ್ ಮೇಲೆ ನನ್ನ ಟೂಲ್. ಅಕ್ಕನ ಸಾಲು ಬಹುಪಾಲು ಕೆಂಪು.

"ಸೆಟ್ ಮಾಡಿದ್ದು ಇವಳ ತಂಗೀನೇ. ಹೇಳಮ್ಮ, ಟೂಲ್ ತಪ್ಪು ತೋರಿಸ್ತಿದೆಯಾ?"

"ಎಡಿಟರ್ ಓಡ್ತಿದೆಯಾ ಇಲ್ವಾ, ಅಷ್ಟೇ ತೋರ್ಸತ್ತೆ ಸರ್. ಕೆಲಸ ಮಾಡ್ತಾರಾ ಇಲ್ವಾ ಅಂತ—"

"ತಪ್ಪಾ, ಸರಿನಾ? ಒಂದು ಮಾತಲ್ಲಿ ಹೇಳು."

"...ಸರಿ."

ಗೊರಕೆ ಎಚ್ಚರವಾಗಿದ್ದ. ಅಪರೂಪಕ್ಕೆ.

ತೆಗೆದದ್ದು ಅಕ್ಕನನ್ನು. ತನ್ನ ಸೀಟಿಗೆ ಹೋಗಿ ಮೇಜಿನ ಮೇಲಿದ್ದ ಪೆನ್ಸಿಲ್‌ಗಳನ್ನು ಬ್ಯಾಗಿಗೆ ಹಾಕಿಕೊಂಡಳು. "ಇವು ನಂದು, ಆಫೀಸಿಂದಲ್ಲ" ಅಂದಳು. ಯಾರೂ ಕೇಳಿರಲಿಲ್ಲ.

ಜೂನ್ 27

ನಾವಿಬ್ಬರೂ ಇರುವುದು ಒಂದೇ ರೂಮಿನಲ್ಲಿ. ವಾರದಿಂದ ಮಾತಿಲ್ಲ. ಊಟ ಬಡಿಸುತ್ತಾಳೆ, ತಟ್ಟೆ ನೋಡಿಕೊಂಡು. ಸಂಜೆ ಬಟ್ಟೆ ಮಡಿಸುತ್ತಾ ಕೇಳಿದಳು.

"ಆ ತಪ್ಪನ್ನ ಹಾಗೇ ಬಿಟ್ಟಿದ್ರೆ ನಂದೂ ಹಸಿರೇ ಬರ್ತಿತ್ತು, ಅಲ್ವಾ?"

"ಹೂಂ."

"ಗೊರಕೆದೂ?"

"ಎಲ್ಲರದ್ದೂ."

ನಕ್ಕಳು. ನಗು ಅಲ್ಲ ಅದು.

"ಈಗ ಮತ್ತೆ ಅಂಥದ್ದೇ ಸಿಕ್ಕಿದ್ರೆ ಮತ್ತೆ ಸರಿ ಮಾಡ್ತೀಯಾ?"

ಇಲ್ಲ ಅನ್ನಬಹುದಿತ್ತು. ಅವಳಿಗೆ ಬೇಕಾಗಿದ್ದೂ ಅಷ್ಟೇ.

"ಮಾಡ್ತೀನಿ" ಅಂದೆ.

ಮಡಿಸುತ್ತಿದ್ದದ್ದು ನನ್ನ ಅಂಗಿ. ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಜೂನ್ 30

ಅಕ್ಕನ ಮಷೀನ್ ಈಗಲೂ ಟೂಲ್‌ನಲ್ಲಿದೆ. ಇಡೀ ದಿನ ಕೆಂಪು. ಈಗ ಮಾತ್ರ ನಿಜವಾದ ಕೆಂಪು — ಸೀಟಿನಲ್ಲಿ ಯಾರೂ ಇಲ್ಲ.

"ಕಣ್ಣಿಗೆ ಚುಚ್ಚತ್ತೆ, ತೆಗೆದುಹಾಕು" ಅಂದರು ಮ್ಯಾನೇಜರ್.

ಒಂದೇ ಸಾಲು. ಅಳಿಸಿದರೆ ಉಳಿದದ್ದೆಲ್ಲ ಹಸಿರು. ಸಂಜೆವರೆಗೂ ಆ ಸಾಲಿನ ಮೇಲೆ ಕರ್ಸರ್ ಇಟ್ಟುಕೊಂಡು ಕೂತೆ. ಅಳಿಸಲಿಲ್ಲ. ನಾಳೆ ಬೆಳಗ್ಗೆ ಕೇಳುತ್ತಾರೆ. ಮರೆತೆ ಅನ್ನಲೇ? ಮರೆತಿಲ್ಲ. ಹಾಗಾದರೆ ಏನು ಹೇಳಲಿ?